ಒಂದು ಬೊಗಸೆ ಮೆಂತಿಕ್ ಭತ್ತ

ಸೆಂದಂಗ್‌ವಾರು, ಜಾವಾ
12 ಸೆಪ್ಟೆಂಬರ್ 1985

ಭಾಮೈದ ಪೊನಿರಿನ್‌ಗೆ,

ಹರಿಯೋಕೆ ಮುಂಚೆ ಒಂದ್ಸಲ ಓದ್ಬಿಡು. ಹರಿದ ಮೇಲೆ ಓದೋದು ಬಹಳ ಕಷ್ಟ. ಊರ ಮುಖ್ಯಸ್ಥರು ನಂಗೆ ಕಳಿಸಿದ ಎಚ್ಚರಿಕೆ ಕಾಗದ ಎಲ್ಲ ನಾನು ಹಂಗೇ ಜೋಡಿಸ್ಕೊಂಡು ಓದಿರೋದು, ಅದಕ್ಕೇ ಹೇಳ್ತಿದೀನಿ.

ಹನ್ನೊಂದು ವರ್ಷ ಆಯ್ತಲ್ಲೋ. ನೀನು ಅಲ್ಲಿ ಲಾಂಪುಂಗ್‌ನಲ್ಲಿ ಕಾಡು ಕಡಿದು ಹೊಲ ಮಾಡ್ದೆ. ನಾನು ಇಲ್ಲಿ ಕಾಲುವೇಲಿ ನೀರು ಬಿಟ್ಕೊಂಡು, ಸಿಕ್ಕೋರ ಮುಂದೆ ಹಲ್ಲು ಬಿಟ್ಕೊಂಡು ಇದೀನಿ. ಇನ್ನೂ ನಾನೇ ಊರಿನ ನೀರಗಂಟಿ. ಹಲ್ಲು ಏಳೇ ಉಳಿದಿವೆ. ಅವೂ ಸರದಿ ಪ್ರಕಾರ ಕೆಲಸ ಮಾಡ್ತವೆ.

ವಿಷಯಕ್ಕೆ ಬರ್ತೀನಿ. ನಿನ್ನಕ್ಕ ಸಾತಿನೆಮ್‌ಗೆ ಹುಷಾರಿಲ್ಲ. ಹೊಟ್ಟೇಲಿ ಗಂಟು. ಪೇಟೆ ಡಾಕ್ಟರು ಒತ್ತಿ ಒತ್ತಿ ನೋಡಿದ್ರು. ಆಮೇಲೆ ನನ್ನ ಆಚೆ ಕರೆದು, ಕೂರಿಸಿ, "ಹಿರಿಯರೇ" ಅಂತ ಶುರು ಮಾಡಿದ್ರು. ನಂಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟೋರಲ್ಲ. ಅವರು ಮಾತು ಮುಗಿಸೋಕೆ ಮುಂಚೆನೇ ನಂಗೆ ಅರ್ಥ ಆಗೋಯ್ತು. ಅವಳಿಗೆ ನಾನೇನೂ ಹೇಳಿಲ್ಲ. ಅವಳೂ ಕೇಳಿಲ್ಲ.

ಊಟ ಸೇರ್ತಿಲ್ಲ. ಹಳೇ ಬೀಜ ಯಾರ ಮನೇಲೂ ಉಳಿದಿಲ್ಲ, ಈಗ ಎಲ್ಲರೂ ಬೆಳೆಯೋದು ಸರ್ಕಾರದ ಗಿಡ್ಡ ಭತ್ತ ತಾನೆ? ಅದರ ಗಂಜಿ ಕೊಟ್ರೆ, "ಬಿಸಿನೀರಿಗೆ ಸುಣ್ಣ ಹಚ್ಚಿದಂಗಿದೆ" ಅಂತ ಬಟ್ಟಲು ತಳ್ತಾಳೆ. ಹೋದ ವಾರ ಗೋಡೆ ಕಡೆ ಮುಖ ಮಾಡ್ಕೊಂಡು ಅಂದ್ಲು: "ಪೊನಿರಿನ್ ಹತ್ರ ಅಮ್ಮನ ಮೆಂತಿಕ್ ಭತ್ತದ ಬೀಜ ಇನ್ನೂ ಇರ್ಬೋದು. ನಮ್ಮ ಗದ್ದೇಲಿ ಅದು ಬೆಳೆದು, ಒಂದು ತುತ್ತು ಉಂಡ್ರೆ ಸಾಕಿತ್ತು." ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನ ಹತ್ರ ಬಾಯ್ಬಿಟ್ಟು ಕೇಳಿದ್ದು ಇದೊಂದೇ.

ಬೀಜ ಕುಟ್ಟಿ ತಿನ್ನೋ ಪದ್ಧತಿ ನಮ್ಮಲ್ಲಿ ಇಲ್ಲ, ನಿಂಗೊತ್ತು. ಬಿತ್ತೇ ಉಣ್ಣಬೇಕು. ನವೆಂಬರ್‌ನಲ್ಲಿ ಊರೆಲ್ಲ ಸಸಿ ಬೆಳೆಸೋಕೆ ಒಟ್ಲು ಹಾಕ್ತೀವಿ, ಅಷ್ಟರೊಳಗೆ ಒಂದು ಬೊಗಸೆ ಅಂಚೇಲಿ ಕಳಿಸು. ಭತ್ತ ಕೇಳ್ತಿದೀನಪ್ಪ, ಭತ್ಯೆ ಅಲ್ಲ.

ಇನ್ನೊಂದು ಮಾತು. ಆವತ್ತು ಸರ್ಕಾರ ಲಾಂಪುಂಗ್ ಕಾಡಿಗೆ ಕಳಿಸೋರ ಪಟ್ಟೀಲಿ ನಿನ್ನ ಹೆಸರು ಬರೆದಿದ್ದು ನಾನೇ. ಅಧಿಕಾರಿ ಬಂದು ಕೂತಿದ್ರು, ಒಬ್ರೂ ಹೆಸರು ಕೊಡ್ತಿರ್ಲಿಲ್ಲ, ನಂಗೆ ಕೈ ತುರಿಸ್ತು. ಹೆಸರು ಕೂಗಿದಾಗ ನೀನು ಎದ್ದು ನನ್ನ ಬೈತೀಯ, ಊರೆಲ್ಲ ನಗುತ್ತೆ ಅಂತ ಕಾದೆ. ಅಧಿಕಾರಿ ನಿನ್ನ ಕೈ ಹಿಡ್ಕೊಂಡು ಕುಲುಕಿದ್ರು, ಎಲ್ಲರೂ ಚಪ್ಪಾಳೆ ತಟ್ಟಿದ್ರು, ನೀನು "ಹ್ಞೂಂ" ಅಂದ್ಬಿಟ್ಟೆ. ನಾನಾದ್ರೂ ಎದ್ದು ತಮಾಷೆ ಅಂತ ಹೇಳ್ಬೋದಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ಬೀಜ ಕಳಿಸು.

ನಿನ್ನ ಭಾವ,
ಕರ್ಸಿಮುನ್

*

ಹೊಸ ಸೆಂದಂಗ್‌ವಾರು, ಲಾಂಪುಂಗ್
6 ಅಕ್ಟೋಬರ್ 1985

ಭಾವನವರಿಗೆ,

ಕಾಗದ ಬಂತು. ಹರಿದಿಲ್ಲ. ಇಲ್ಲಿ ಮಳೆಗಾಲದಲ್ಲಿ ಒಲೆ ಹಚ್ಚೋಕೆ ಒಣಗಿದ ಕಾಗದ ಸಿಗಲ್ಲ, ಅದಕ್ಕೇ ಎತ್ತಿಟ್ಟಿದೀನಿ.

ನನ್ನ ಹುಂಜ ಮೊಟ್ಟೆ ಇಟ್ಟಿದೆ ಅಂತ ನೀವು ಊರನ್ನೆಲ್ಲ ನನ್ನ ಅಂಗಳಕ್ಕೆ ಕರ್ಕೊಂಡು ಬಂದಿದ್ರಿ. ನೆನಪಿದ್ಯಾ? ನಾನೂ ನಂಬಿ ಬುಟ್ಟಿಗೆ ಕೈ ಹಾಕ್ದೆ. ಮೊಟ್ಟೆ ಇತ್ತು. ಬೇಯಿಸಿದ ಮೊಟ್ಟೆ. ಬಿಸಿ ಇನ್ನೂ ಆರಿರ್ಲಿಲ್ಲ. ಮದುವೆಗೆ ಹುಡುಗಿ ನೋಡೋಕೆ ಹೋದಾಗ್ಲೂ, "ಇವರೇನಾ ಮೊಟ್ಟೆ ಹುಂಜದ ಪೊನಿರಿನ್?" ಅಂತ ಕೇಳಿದ್ರು.

ಆಮೇಲೆ ಪಟ್ಟಿ. ಈಗ ಅಕ್ಕನ ಹೊಟ್ಟೆನೋವು. ನಿಮ್ಮ ಪೆನ್ನಿಗೆ ನಮ್ಮ ಮನೆಯೋರ ಹೆಸರು ಬಿಟ್ರೆ ಬೇರೆ ಯಾರದ್ದೂ ಬರಲ್ವಾ?

ಇರ್ಲಿ. ಕೇಳಿದೀರ. ಒಂದು ಬೊಗಸೆ ಕಳಿಸ್ತಿದೀನಿ. ಚೆನ್ನಾಗಿ ಬೆಳೀಲಿ.

ಪೊನಿರಿನ್

*

ಸೆಂದಂಗ್‌ವಾರು
21 ನವೆಂಬರ್ 1985

ಪೊನಿರಿನ್,

ನೀನು ಗೆದ್ದೆ ಕಣೋ. ನಿನ್ನ ಭಾವ ಸೋತ.

ನಿನ್ನ ಭತ್ತ ಎರಡು ದಿನ ನೆನೆಹಾಕಿದೆ, ಗೋಣೀಲಿ ಕಟ್ಟಿ ಮೇಲೆ ಬಾಳೆ ಎಲೆ ಹೊದಿಸಿದೆ. ಎರಡನೇ ದಿನ ಬಿಚ್ಚಿ ನೋಡಿದ್ರೆ ಮೊಳಕೆ ಇಲ್ಲ. ದೂರದಿಂದ ಬಂದಿದೆ, ಸುಸ್ತಾಗಿರತ್ತೆ ಅಂತ ಇನ್ನೊಂದು ದಿನ ಮಲಗಿಸಿದೆ. ಹುಳಿ ವಾಸನೆ ಹೊಡೀತು. ಲಕೋಟೆ ಮೂಲೇಲಿ ಒಣ ಕಾಳು ಒಂದೆರಡು ಉಳಿದಿದ್ವು, ಸುಲಿದು ನೋಡ್ದೆ. ಹಳದಿ, ಗಾಜಿನಂಗೆ ಗಟ್ಟಿ. ಕುದಿಸಿ, ಒಣಗಿಸಿ ಕಳಿಸಿದೀಯ! ಬೀಜ ಕೇಳಿದ್ರೆ ಕುಚ್ಚಲಕ್ಕಿ ಕಳಿಸಿದೀಯ!

ಮೊದಲು ನಕ್ಕೆ. ದೇವರಾಣೆ, ಬದಿನ ಮೇಲೆ ಒಬ್ಬನೇ ನಿಂತು ಹೊಟ್ಟೆ ಹಿಡ್ಕೊಂಡು ನಕ್ಕೆ. ಹುಂಜದ ಲೆಕ್ಕ ಚುಕ್ತಾ ಆಯ್ತು ಅಂದ್ಕೊಂಡೆ. ಅಷ್ಟರಲ್ಲಿ ಒಳಗಿಂದ ಸಾತಿನೆಮ್ ಕೂಗಿದ್ಲು:

"ಮೊಳಕೆ ಬಂತಾ?"

"ಬರ್ತಾ ಇದೆ, ಬರ್ತಾ ಇದೆ" ಅಂದೆ.

ಈ ಕಾಗದದ ಜೊತೆ ಡಾಕ್ಟರ ಚೀಟಿ ಇಟ್ಟಿದೀನಿ. ನಿಮ್ಮೂರ ಶಾಲೆ ಮೇಷ್ಟ್ರ ಹತ್ರ ಓದಿಸು. ಅದರಲ್ಲಿ ನನ್ನ ಅಕ್ಷರ ಒಂದೂ ಇಲ್ಲ.

ಊರಲ್ಲಿ ಎಲ್ಲರ ಒಟ್ಲು ಹಸಿರಾಗಿದೆ. ಎರಡು ವಾರದಲ್ಲಿ ನಾಟಿ. ನನ್ನ ಪಾತೀಲಿ ನೀರು ನಿಂತಿದೆ, ಬಗ್ಗಿ ನೋಡಿದ್ರೆ ಒಬ್ಬ ಮುದುಕ ಕಾಣ್ತಾನೆ.

ಕರ್ಸಿಮುನ್

*

ಲಾಂಪುಂಗ್
14 ಡಿಸೆಂಬರ್ 1985

ಭಾವ,

ಮೇಷ್ಟ್ರು ಚೀಟಿ ಓದಿದ್ರು. ಓದಿ ಮಡಿಸಿ ಕೊಟ್ಟು, ಕಾಫಿ ಮಾಡ್ಲಾ ಅಂತ ಕೇಳಿದ್ರು.

ಏನು ಬರೀಲಿ?

ಕುದಿಸಿದ್ದು ಮೆಂತಿಕ್ ಅಲ್ಲ, ಇಲ್ಲಿಯ ಒಣಹೊಲದ ಭತ್ತ. ಅಮ್ಮನ ಬೀಜ ಕುದಿಸೋಷ್ಟು ಕೆಟ್ಟೋನಲ್ಲ ನಾನು. ನನ್ನ ಹೆಂಡ್ತಿ ಆವತ್ತೇ ಬೈದ್ಲು, ನಿಜ ಆಗಿದ್ರೆ ಏನ್ಮಾಡ್ತೀರಿ ಅಂತ. ನಿನಗೆ ಅವರ ವಿಷಯ ಗೊತ್ತಿಲ್ಲ ಅಂದೆ.

ಹೊಲದ ಮೂಲೇಲಿ ಜವುಗು ಇರೋ ಕಡೆ, ಹಾಸಿಗೆ ಅಗಲ ಜಾಗದಲ್ಲಿ ಪ್ರತಿ ವರ್ಷ ಮೆಂತಿಕ್ ಹಾಕಿ ಬೀಜ ಉಳಿಸ್ಕೊಂಡು ಬಂದಿದೀನಿ. ಒಲೆ ಮೇಲೆ ತೂಗುಹಾಕಿದ್ದ ಕಟ್ಟು ಹಾಗೇ ಬಿಚ್ಚಿ ಕಳಿಸಿದೀನಿ, ಪೂರ್ತಿ.

ನಾನು ಬರಬೇಕಾ ಭಾವ? ಬಾ ಅಂದ್ರೆ ಬರ್ತೀನಿ. ಹೊಲದ ಕೆಲಸ ಇದೆ, ಆದ್ರೂ ಬರ್ತೀನಿ. ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಕುದಿಸಿದ್ದು ಹೇಳಬೇಡಿ.

ಪೊನಿರಿನ್

*

ಸೆಂದಂಗ್‌ವಾರು
18 ಮಾರ್ಚ್ 1986

ಪೊನಿರಿನ್,

ತಡ ಆಯ್ತು ಅಂತ ಬೈಬೇಡ. ನಾನು ಬರೆಯೋದೂ ತಡ, ಬಿತ್ತಿದ್ದೂ ತಡ, ಈ ವರ್ಷ ನಂದೆಲ್ಲ ತಡವಾಗಿದೆ.

ನಿನ್ನ ಬೀಜ ಮುಟ್ಟಿದಾಗ ಜನವರಿ. ಊರವರ ಪೈರು ಮೊಣಕಾಲುದ್ದ ಆಗಿತ್ತು. ನಮ್ಮ ಕಟ್ಟಳೆ ಮರೆತಿಲ್ಲ ತಾನೆ? ಎಲ್ಲರೂ ಒಂದೇ ವಾರ ಬಿತ್ತಬೇಕು, ಒಂದೇ ವಾರ ಕೊಯ್ಯಬೇಕು, ಆಮೇಲೆ ಎರಡು ವಾರ ಇಡೀ ಬಯಲು ಬೋಳಾಗಿರಬೇಕು. ತಿನ್ನೋಕೆ ಏನೂ ಸಿಗದೆ ಚೆಲುವ ದೊರೆಗಳು ಊರು ಬಿಟ್ಟು ಹೋಗಬೇಕು. (ಗದ್ದೆ ಬದಿನ ಮೇಲೆ ಕೂತು ಬರೀತಿದೀನಿ, ಅವರ ನಿಜವಾದ ಹೆಸರು ಬರೆದ್ರೆ ಅವಮಾನ ಅಂತ ಇವತ್ತೇ ಬಂದ್ಬಿಡ್ತಾರೆ. ನಾಲ್ಕು ಕಾಲು, ಉದ್ದ ಬಾಲ, ಎರಡು ಹಲ್ಲು. ಹಲ್ಲಿನ ವಿಷಯದಲ್ಲಿ ನನ್ನ ತಮ್ಮಂದಿರು.) ಈ ಕಟ್ಟಳೆ ಮುರಿದೋರಿಗೆ ನೀರು ನಿಲ್ಲಿಸೋನು ಯಾರು? ನಾನು. ಮೂವತ್ತು ವರ್ಷದಲ್ಲಿ ಎಷ್ಟು ಜನರ ತೂಬು ಮುಚ್ಚಿದೀನಿ.

ಸಭೇಲಿ ನಾನೇ ಎದ್ದು ಹೇಳ್ದೆ: "ಮನೆ ಹಿಂದೆ ಹನ್ನೆರಡು ಹೆಜ್ಜೆ ಅಗಲ, ಇಪ್ಪತ್ತು ಹೆಜ್ಜೆ ಉದ್ದ. ತಡವಾಗಿ ಬಿತ್ತಬೇಕು ಅಂತಿದೀನಿ. ಮೆಂತಿಕ್ ಐದೂವರೆ ತಿಂಗಳ ಬೆಳೆ. ನೀವು ಕೊಯ್ದ ಮೇಲೂ ಅದು ನಿಂತಿರತ್ತೆ. ಯಾರಿಗಾದ್ರೂ ಬೇಡ ಅನ್ಸಿದ್ರೆ ಈಗ್ಲೇ ಹೇಳಿ."

ಎಲ್ಲರೂ, "ಹ್ಞೂಂ, ಅದಕ್ಕೇನಂತೆ ಅಜ್ಜ, ಬಿತ್ತಿ, ಬಿತ್ತಿ" ಅಂದ್ರು.

ನಮ್ಮೂರ ಹ್ಞೂಂ ಹೆಂಗಿರತ್ತೆ ಅಂತ ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದ್ರೂ ಬಿತ್ತಿದೆ.

ಮೊಳಕೆ ಬಂತು. ಈ ಸಲ ನಿಜವಾಗ್ಲೂ ಬಂತು. ನಾಟಿನೂ ಆಯ್ತು, ಪೈರು ಎಷ್ಟು ಎತ್ತರ ಅಂತೀಯ, ಆಗ್ಲೇ ನನ್ನ ಸೊಂಟ ಮುಟ್ಟಿದೆ. ಸಾತಿನೆಮ್ ಹಾಸಿಗೆ ಕಿಟಕಿ ಹತ್ರ ಎಳೆದು ಹಾಕಿದೀನಿ, ಅಲ್ಲಿಂದ ಕಾಣತ್ತೆ. ನೋಡ್ತಾಳೆ. ನಿನ್ನ ನಮಸ್ಕಾರ ಹೇಳ್ದೆ. "ಬೀಜ ಅಂಚೇಲೇ ಬಂತಾ?" ಅಂತ ಕೇಳಿದ್ಲು, ಹೌದು ಅಂದೆ. ಅಷ್ಟೇ.

ತೋಳು ಸಣ್ಣಗಾಗಿದೆ. ಬಳೆ ಮೊಣಕೈ ತನಕ ಹೋಗತ್ತೆ.

ಬರಬೇಕಾ ಅಂತ ಕೇಳಿದ್ಯಲ್ಲ. ಯಾಕೆ ತೊಂದ್ರೆ ತಗೋತೀಯ? ಎರಡು ದಿನ ಬಸ್ಸು, ಹಡಗು, ಮತ್ತೆ ಬಸ್ಸು. ಜೂನ್ ಕೊನೇಲಿ ಕೊಯ್ಲು, ಆಗ ಬಾ. ಹೊಸ ಅಕ್ಕಿ ಅನ್ನ ಹಾಕ್ತೀವಿ, ಹೊಟ್ಟೆ ತುಂಬ ಉಣ್ಣುವಂತೆ.

ನಿನ್ನ ಭಾವ,
ಕರ್ಸಿಮುನ್

*

ಸೆಂದಂಗ್‌ವಾರು
29 ಏಪ್ರಿಲ್ 1986

ಪೊನಿರಿನ್,

ನನ್ನ ಪೈರನ್ನ ಊರೆಲ್ಲ ಹೊಗಳ್ತಿದೆ. ಅದೇ ಈಗ ನನ್ನ ಕಷ್ಟ.

ಮಾರ್ಚ್ ಕೊನೇಲಿ ಎಲ್ಲರದ್ದೂ ಕೊಯ್ಲಾಯ್ತು. ಬಯಲು ಬೋಳು. ನಡುವೆ ನಂದೊಂದೇ ಹಸಿರು, ಬೋಳು ತಲೆ ಮೇಲೆ ಒಂದು ಜುಟ್ಟು ಬಿಟ್ಟಂಗೆ. ಮೊದಲ ವಾರ ಪಕ್ಕದ ಗದ್ದೆ ಡರ್ಸಾನ್ ಬಂದ. "ಎಂಥ ಪೈರು ಅಜ್ಜ! ನೋಡ್ತಾ ಇರಬೇಕು ಅನ್ಸತ್ತೆ" ಅಂದ. ಎರಡನೇ ವಾರ ಮೂರು ಜನ ಬಂದು ಹೊಗಳಿದ್ರು. ಮೂರನೇ ವಾರ ಊರ ಮುಖ್ಯಸ್ಥರೇ ಬಂದ್ರು, ಬದಿನ ಮೇಲೆ ಕೈ ಕಟ್ಕೊಂಡು ನಿಂತು, "ಇಷ್ಟು ಚೆನ್ನಾಗಿರೋ ಪೈರು ನಮ್ಮ ತಾಲೂಕಲ್ಲೇ ಇಲ್ಲ" ಅಂದ್ರು. ನಮ್ಮೂರಲ್ಲಿ ಅಷ್ಟು ಹೊಗಳಿದ್ರೆ ಅದು ದೂರು ಅಂತ ನಿಂಗೊತ್ತು.

ನಾನೂ ಸುಮ್ಮನಿಲ್ಲ. ಪೈರಿನ ಸುತ್ತ ಬಿದಿರು ತಟ್ಟಿ ಕಟ್ಟಿದೀನಿ, ಬೋನು ಇಟ್ಟಿದೀನಿ. ಒಂದು ಬೋನಿಗೆ ನನ್ನ ಹೆಬ್ಬೆಟ್ಟೇ ಸಿಕ್ಕಾಕ್ಕೊಂತು. ಚೆಲುವ ದೊರೆಗಳು ಪಕ್ಕದಲ್ಲಿ ಕೂತು ನೋಡ್ತಿದ್ರು ಅಂತ ಕಾಣತ್ತೆ. ಹಗಲೇ ಓಡಾಡ್ತಾರೆ ಈಗ. ಬಿಲ ನನ್ನ ಬದಿನಲ್ಲಿ, ಊಟ ಎಲ್ಲರ ಒಟ್ಲಲ್ಲಿ. ನನ್ನ ಪೈರು ಹೊಡೆ ತುಂಬಿದೆ, ತೆನೆ ಇನ್ನೂ ಒಳಗೇ ಇದೆ, ಅದರ ನೆರಳಲ್ಲಿ ಮರಿ ಹಾಕ್ಕೊಂಡಿದಾರೆ.

ಇವತ್ತು ಬೆಳಿಗ್ಗೆ ಸುಗಿಯೆಮ್ ಬಂದ್ಲು. ನಿಂಗೆ ನೆನಪಿರ್ಬೋದು, ಕಾಲುವೆ ಆಚೆ ಮನೆ, ಗಂಡ ತೀರ್ಕೊಂಡು ನಾಲ್ಕು ವರ್ಷ, ಮೂರು ಮಕ್ಕಳು. ಬಾಳೆಹಣ್ಣಿನ ಬೋಂಡ ತಟ್ಟೆ ತುಂಬ ತಂದಿದ್ಲು, ಬಿಸಿಬಿಸಿ.

"ಏನಮ್ಮಾ ವಿಶೇಷ?" ಅಂದೆ.

"ಏನಿಲ್ಲ ಅಜ್ಜ. ಅಜ್ಜಿಗೆ ಅಂತ ಮಾಡ್ದೆ. ನಿಮ್ಮ ಪೈರು ಬಹಳ ಚೆನ್ನಾಗಿದೆ."

"ನಿನ್ನ ಒಟ್ಲು ಹೆಂಗಿದೆ?"

"ಚೆನ್ನಾಗಿದೆ ಅಜ್ಜ."

ಅವಳು ಹೋದ ಮೇಲೆ ಹೋಗಿ ನೋಡ್ದೆ. ಪಾತೀಲಿ ಒಂದು ಅಗೆನೂ, ಒಂದು ಸಸಿನೂ ಇಲ್ಲ. ದೊರೆಗಳು ಬುಡಕ್ಕೇ ಕತ್ತರಿಸಿ ಹಾಕಿದಾರೆ. ಎರಡನೇ ಸಲ ಬಿತ್ತಿದ್ದಂತೆ ಅದು. ಮೂರನೇ ಸಲಕ್ಕೆ ಬೀಜ ಎಲ್ಲಿಂದ ತರ್ತಾಳೋ. ಬೈದಿದ್ರೆ ತಿರುಗಿಸಿ ಬೈಬೋದಿತ್ತು. ಬೋಂಡ ಕೊಟ್ಟೋಳಿಗೆ ಏನಂತ ಉತ್ತರ ಕೊಡ್ಲಿ ಹೇಳು. ತಿನ್ನೋಕೂ ಆಗ್ಲಿಲ್ಲ, ಎಸೆಯೋಕೂ ಆಗ್ಲಿಲ್ಲ.

ಐವತ್ತೈದು ದಿನ ಬೇಕು ಕಾಳು ಗಟ್ಟಿಯಾಗೋಕೆ. ಸಾತಿನೆಮ್ ಈಗ ದಿನಕ್ಕೆ ನಾಲ್ಕು ಚಮಚ ಗಂಜಿ ನೀರು ಕುಡೀತಾಳೆ. ಮೊನ್ನೆ ತನಕ ಐದಿತ್ತು. ಎರಡೂ ಕಡೆ ಎಣಿಸ್ತಾ ಇದೀನಿ, ಹೊಂದ್ತಾ ಇಲ್ಲ.

ನೀನಾಗಿದ್ರೆ ಏನು ಮಾಡ್ತಿದ್ದೆ? ಬೇಗ ಬರಿ. ತಮಾಷೆಗೆ ಕೇಳ್ತಿಲ್ಲ.

ಕರ್ಸಿಮುನ್

*

ಸೆಂದಂಗ್‌ವಾರು
11 ಮೇ 1986

ತಮ್ಮಾ ಪೊನಿರಿನ್,

ನಾನು ನಿನ್ನಕ್ಕ. ಹೆಂಗಸರ ಓದೋ ತರಗತೀಲಿ ಕಲಿತ ಅಕ್ಷರ, ಸೊಟ್ಟಗಿದ್ರೆ ಬೇಜಾರಾಗ್ಬೇಡ. ಮೂರು ದಿನದಿಂದ ಸ್ವಲ್ಪ ಸ್ವಲ್ಪ ಬರೀತಿದೀನಿ. ನಿಮ್ಮ ಭಾವನಿಗೆ ಗೊತ್ತಿಲ್ಲ. ಸುಗಿಯೆಮ್ ಪೇಟೆಗೆ ಹೋಗಿ ತುರ್ತು ಅಂಚೆಗೆ ಹಾಕ್ತಾಳೆ, ವಾರದಲ್ಲಿ ಮುಟ್ಟತ್ತಂತೆ.

ಮೆಂತಿಕ್ ಪೈರನ್ನ ನಿಮ್ಮ ಭಾವನೇ ಕೊಯ್ದು ಹಾಕಿದ್ರು. ಹೋದ ಸೋಮವಾರ. ಹಸಿ ಪೈರು, ತೆನೆ ಆಗ ತಾನೆ ಹೊರಗೆ ಬಂದಿತ್ತು. ಬೆಳಿಗ್ಗೆ ಕುಡುಗೋಲು ತಗೊಂಡು ಒಬ್ಬರೇ ಇಳಿದ್ರು. ನಾನು ಕಿಟಕಿಯಿಂದ ನೋಡ್ತಿದ್ದೆ. ಎರಡು ಸಾಲು ಕೊಯ್ದು ಸೊಂಟ ಹಿಡ್ಕೊಂಡು ನಿಂತ್ರು. ಆಗ ಡರ್ಸಾನ್ ಬಂದ, ಅವನ ಹೆಂಡ್ತಿ ಬಂದ್ಲು, ಸುಗಿಯೆಮ್ ಬಂದ್ಲು, ಹಂಗೇ ಹತ್ತು ಹದಿನೈದು ಜನ. ಸುಗ್ಗಿಗೆ ಬರೋ ಹಂಗೇ ಬಂದ್ರು. ಮಧ್ಯಾಹ್ನದೊಳಗೆ ಎಲ್ಲ ಮುಗೀತು. ಎಮ್ಮೆಗಳಿಗೆ ಹಾಕಿದ್ರು. ಆಮೇಲೆ ಗಂಡಸರು ಬದು ಅಗೆದು ಬಿಲದಲ್ಲಿದ್ದ ಇಲಿಗಳನ್ನ ಹೊಡೆದ್ರು. ಹೆಸರು ಬರೆದ್ಬಿಟ್ಟೆ ನೋಡು. ಇನ್ನು ನನ್ನ ಏನು ಮಾಡ್ತವೆ.

ನಾನೇ ಕೊಯ್ಯೋಕೆ ಹೇಳಿದ್ದು. ಸುಗಿಯೆಮ್ ಬೋಂಡ ತಂದ ದಿನ ಎಲ್ಲ ಕೇಳಿಸ್ಕೊಂಡೆ. ಅವಳ ಮಕ್ಕಳ ಅನ್ನ ಕಿತ್ತು ನಾನು ಒಂದು ತುತ್ತು ಉಂಡ್ರೆ ಅದು ಗಂಟಲಲ್ಲಿ ಇಳಿಯುತ್ತಾ? ಒಂದು ವಾರ ಅವರು ಕೇಳಿಸದೇ ಇರೋ ತರ ಇದ್ರು. ಆಮೇಲೆ ಗದ್ದೆಗೆ ಇಳಿದ್ರು.

ಕೊಯ್ದ ಮೇಲೆ ಹಾಸಿಗೆ ಹತ್ರ ಬಂದು ಕೂತು, "ಸೋತೆ ಕಣೇ" ಅಂದ್ರು. ಅಷ್ಟೇ. ಆವತ್ತಿಂದ ಒಂದು ಕುಚೋದ್ಯ ಇಲ್ಲ, ಒಂದು ಕೀಟಲೆ ಇಲ್ಲ. ಮೂವತ್ತೆಂಟು ವರ್ಷ ಬಾಯಿ ಮುಚ್ಚಿಸೋಕೆ ಒದ್ದಾಡಿದೆ, ಈಗ ಮುಚ್ಚಿದಾರೆ, ನಂಗೆ ಭಯ ಆಗತ್ತೆ.

ಈಗ ನಿಂಗೊಂದು ಮಾತು ಹೇಳ್ಬೇಕು. ನಂಗೆ ಮೆಂತಿಕ್ ಅಕ್ಕಿ ಬೇಕಿರ್ಲಿಲ್ಲ ಪೊನಿರಿನ್.

ಅಮ್ಮನ ಬೀಜ ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಂಗೆ ಹೋಗತ್ತೆ? ರಕ್ತ ಸಂಬಂಧದೋರು ಸೆರಗಲ್ಲಿ ಕಟ್ಕೊಂಡು, ಕೂಸು ಹೊತ್ತಂಗೆ ಎದೆ ಮೇಲೆ ಹೊತ್ಕೊಂಡು ತರ್ತಾರೆ. ಅಮ್ಮ ಅಜ್ಜಿ ಮನೆಯಿಂದ ಹಂಗೇ ತಂದಿದ್ದು. ನನ್ನ ಮದುವೇಲಿ ನೀನೇ ಹೊತ್ಕೊಂಡು ಬಂದಿದ್ದೆ, ದಾರೀಲಿ ನಿದ್ದೆ ಮಾಡತ್ತೆ ಅಂತ ಯಾರನ್ನೂ ಮಾತಾಡೋಕೆ ಬಿಟ್ಟಿರ್ಲಿಲ್ಲ. ಬೀಜ ಬೇಕು ಅಂದ್ರೆ ನೀನೇ ತರ್ತೀಯ ಅಂದ್ಕೊಂಡೆ. ತಮ್ಮ ಬರ್ಲಿ ಅಂತ ನಿಮ್ಮ ಭಾವನ ಹತ್ರ ಬಾಯ್ಬಿಟ್ಟು ಹೇಳೋಕೆ ಆಗ್ಲಿಲ್ಲ. ಹೇಳಿದ್ರೆ ಪಟ್ಟಿ ವಿಷಯ ಎತ್ತಿ ಚುಚ್ಚಿದಂಗೆ ಆಗತ್ತೆ ಅಂತ ಸಂಕೋಚ. ಅವರಿಗೆ ತಿಳಿಯುತ್ತೆ ಅಂದ್ಕೊಂಡೆ. ನಿಂಗೆ ತಿಳಿಯುತ್ತೆ ಅಂದ್ಕೊಂಡೆ. ನೀವಿಬ್ಬರೂ ಅಂಚೇಲಿ ಭತ್ತ ಕಳಿಸ್ಕೊಂಡು, ಕುದಿಸ್ಕೊಂಡು ಎಂಟು ತಿಂಗಳು ಕಳೆದ್ರಿ. ಕುದಿಸಿದ ವಿಷಯ ನಂಗೆ ಗೊತ್ತು. ಹುಳಿ ವಾಸನೆ ಹಾಸಿಗೆ ತನಕ ಬರ್ತಿತ್ತು.

ನೀನು ಬರಬೇಕಾ ಅಂತ ಕೇಳಿದ್ಯಂತೆ. ಅವರು ಯಾಕೆ ತೊಂದ್ರೆ ಅಂದ್ರಂತೆ. ಮೊನ್ನೆ ಹೇಳಿದ್ರು. ಹೇಳಿ ಅತ್ರು. ನಿನ್ನ ಮುಖ ನೋಡೋ ಧೈರ್ಯ ಇರ್ಲಿಲ್ಲ ಅಂದ್ರು.

ಪಟ್ಟೀಲಿ ಹೆಸರು ಬರೆದಿದ್ದು ಅವರು. ಹ್ಞೂಂ ಅಂದಿದ್ದು ನೀನು. ಬಾಗಿಲಲ್ಲಿ ನಿಂತು, ಬೇಡ ಕಣೋ ಹೋಗ್ಬೇಡ ಅಂತ ಬಾಯಿವರೆಗೆ ಬಂದಿದ್ದನ್ನ ನುಂಗಿ, ನಿಂಗೆ ದಾರಿಗೆ ಬುತ್ತಿ ಕಟ್ಟಿ ಕೊಟ್ಟಿದ್ದು ನಾನು. ಮೂವರೂ ಸೇರೇ ಮಾಡಿದ್ದು. ಇನ್ಯಾರ ಮೇಲೂ ಹಾಕೋದು ಬೇಡ.

ನಿನ್ನೆಯಿಂದ ಉಪವಾಸದ ತಿಂಗಳು. ಈ ವರ್ಷ ನನ್ನಷ್ಟು ಸಲೀಸಾಗಿ ಯಾರೂ ಉಪವಾಸ ಮಾಡ್ತಿಲ್ಲ, ಊರವರೆಲ್ಲ ನನ್ನ ನೋಡಿ ಕಲೀಬೇಕು. ಸುಗಿಯೆಮ್‌ಗೆ ಹನ್ನೊಂದು ಮನೆಯವರು ಅಗೆ ಹಂಚಿ ಕೊಡ್ತಾರಂತೆ. ಇಪ್ಪತ್ತೈದರ ಮೇಲೆ ಇಡೀ ಊರು ನಾಟಿಗೆ ಇಳಿಯುತ್ತೆ.

ಉಪವಾಸ ಮುಗಿಯೋ ಲೆಬರಾನ್ ಹಬ್ಬಕ್ಕೆ ಊರು ಬಿಟ್ಟೋರೆಲ್ಲ ಮನೆಗೆ ಬರ್ತಾರೆ, ಆಗಲೇ ಹೋದ್ರಾಯ್ತು ಅಂತ ನೀನು ಅಂದ್ಕೋಬೋದು. ಹಬ್ಬಕ್ಕೆ ಕಾಯ್ಬೇಡ. ನಾಟಿಗೂ ಮುಂಚೆ ಬಾ. ನಾಟಿ ಶುರುವಾದ್ರೆ ಎಲ್ಲರ ಕೈ ಕೆಸರಲ್ಲಿರತ್ತೆ, ನನ್ನ ಹೊರೋಕೂ ಯಾರಿಗೂ ಪುರುಸೊತ್ತಿರಲ್ಲ.

ಕೈ ಬೀಸ್ಕೊಂಡು ಬಾ. ಏನೂ ತರ್ಬೇಡ.

ನಿನ್ನಕ್ಕ,
ಸಾತಿನೆಮ್